ಬಿಟ್ಟುಕೊಡಲು ಆ ಸ್ಥಾನ ಯಾರ ಸ್ವತ್ತಾಗಿತ್ತು?

ನಾನು ಚಿಕ್ಕಮಗಳೂರು ಜಿಲ್ಲೆಯವನೆಂದು ತಿಳಿದೊಡನೆ ಹೊಸಬರು ಆಡುವ ಮಾತುಗಳು ಮೂರು. ಮೊದಲನೆಯದು ಕಾಫಿ, ಎರಡನೆಯದು ಶೃಂಗೇರಿ. ಮೂರನೆಯದನ್ನು ಸ್ವಲ್ಪ ವಯಸ್ಸಾದವರು ಮಾತ್ರ ಆಡುತ್ತಾರೆ: "ಓಹೋ, ಇಂದಿರಾ ಗಾಂಧಿಯವರಿಗೆ ರಾಜಕೀಯ ಪುನರ್ಜನ್ಮ ಕೊಟ್ಟ ಜಿಲ್ಲೆ!" ಈಚೆಗೆ ಒಂದು ಮದುವೆಯ ಮನೆಯಲ್ಲಿ ಪಂಕ್ತಿಗೆ ಕುಳಿತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಇದೇ ಮಾತನ್ನಾಡಿ, "ನೀವೆಲ್ಲ ಹೆಮ್ಮೆಪಡಬೇಕು ಮೇಷ್ಟ್ರೇ" ಎಂದರು. ಎಲೆಯ ಮುಂದೆ ಕುಳಿತು ವಾದ ಮಾಡಬಾರದೆಂದು ನಕ್ಕು ಸುಮ್ಮನಾದೆ. ಆದರೆ ಮನೆಗೆ ಬಂದ ಮೇಲೂ ಆ ಮಾತು ಕೊರೆಯುತ್ತಲೇ ಇತ್ತು. ಅಂದು ಅವರಿಗೆ ಕೊಡದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ನನ್ನ ಉತ್ತರವಿಷ್ಟೇ: 1978ರ ನವೆಂಬರ್ ತಿಂಗಳ ಆ ಉಪಚುನಾವಣೆಯ ಬಗ್ಗೆ ನನಗೆ ಹೆಮ್ಮೆಯಿಲ್ಲ. ಮತ ಹಾಕಿದ ನನ್ನ ಜನರ ಬಗ್ಗೆ ನನಗೆ ಯಾವ ಅಸಮಾಧಾನವೂ ಇಲ್ಲ. ಆದರೆ ಆ ಚುನಾವಣೆಯ ಮೊದಲಿನಿಂದ ಕೊನೆಯವರೆಗೆ ಎಲ್ಲ ಪಕ್ಷದವರೂ, ಎಲ್ಲ ದೊಡ್ಡವರೂ ನಮ್ಮ ಕ್ಷೇತ್ರವನ್ನು ನಡೆಸಿಕೊಂಡ ರೀತಿ ಒಂದೇ ಆಗಿತ್ತು. ಲೋಕಸಭೆಯ ಸ್ಥಾನವೆಂಬುದು ಮತದಾರನು ತನ್ನ ಪ್ರತಿನಿಧಿಗೆ ನಂಬಿ ಒಪ್ಪಿಸಿದ ಠೇವಣಿಯೆಂಬುದನ್ನು ಮರೆತು, ಅದನ್ನು ತಮ್ಮ ತಮ್ಮಲ್ಲಿ ಕೊಟ್ಟು ತೆಗೆದುಕೊಳ್ಳಬಹುದಾದ ವಸ್ತುವೆಂದು ಅವರು ಬಗೆದರು. ಆ ರೋಗ ಅಂದಿಗೆ ಮುಗಿಯಲಿಲ್ಲ, ಇಂದಿಗೂ ಇದೆ. ಆದ್ದರಿಂದಲೇ ಹಳೆಯ ಕಥೆಯನ್ನು ಮತ್ತೆ ತೆಗೆಯುತ್ತಿದ್ದೇನೆ.

ಕಿರಿಯ ಓದುಗರಿಗಾಗಿ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ತುರ್ತು ಪರಿಸ್ಥಿತಿಯ ನಂತರ 1977ರ ಮಾರ್ಚಿಯಲ್ಲಿ ನಡೆದ ಮಹಾಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಪ್ರಧಾನಿಯಾಗಿದ್ದುಕೊಂಡೇ ರಾಯಬರೇಲಿಯಲ್ಲಿ ರಾಜ್‌ನಾರಾಯಣ್ ಅವರೆದುರು ಐವತ್ತೈದು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ಆದರೆ ಕರ್ನಾಟಕದಲ್ಲಿ 28 ಸ್ಥಾನಗಳಲ್ಲಿ 26ನ್ನು ಅದೇ ಪಕ್ಷ ಗೆದ್ದಿತು. ಆ ಇಪ್ಪತ್ತಾರರಲ್ಲಿ ಚಿಕ್ಕಮಗಳೂರೂ ಒಂದು. ಗೆದ್ದವರು ಮೂಡಿಗೆರೆ ಸೀಮೆಯ ಡಿ.ಬಿ. ಚಂದ್ರೇಗೌಡರು. 1971ರಲ್ಲಿಯೂ ಇಲ್ಲಿಂದ ಆರಿಸಿಬಂದಿದ್ದವರು. ನೆಲದ ಪರಿಚಯವಿದ್ದವರು, ನಮ್ಮ ಮಾತಿನಲ್ಲಿ ಮಾತನಾಡುತ್ತಿದ್ದವರು. 1978ರ ಜನವರಿಯಲ್ಲಿ ಕಾಂಗ್ರೆಸ್ ಒಡೆಯಿತು. ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ ದೇವರಾಜ ಅರಸರ ನೇತೃತ್ವದಲ್ಲಿ ಇಂದಿರಾ ಕಾಂಗ್ರೆಸ್ 149 ಸ್ಥಾನಗಳನ್ನು ಪಡೆದು ಅಧಿಕಾರಕ್ಕೆ ಬಂದಿತು. ಇಂದಿರಾ ಅವರಿಗೆ ಸಂಸತ್ತಿಗೆ ಮರಳಲು ಒಂದು ಭದ್ರವಾದ ಬಾಗಿಲು ಬೇಕಿತ್ತು. ಆ ಬಾಗಿಲಾಗಿ ಚಿಕ್ಕಮಗಳೂರನ್ನು ಆರಿಸಿದರು. ಚಂದ್ರೇಗೌಡರು ರಾಜೀನಾಮೆ ಕೊಟ್ಟರು.

ಇಲ್ಲಿಗೆ ಸ್ವಲ್ಪ ನಿಲ್ಲೋಣ. ಎಲ್ಲ ಲೇಖನಗಳೂ ಈ ಸಂಗತಿಯನ್ನು "ಸ್ಥಾನ ಬಿಟ್ಟುಕೊಟ್ಟರು" ಎಂಬ ಎರಡು ಪದಗಳಲ್ಲಿ ಹೇಳಿ ಮುಂದೆ ಸಾಗುತ್ತವೆ. ಅದನ್ನು ತ್ಯಾಗವೆಂದು ಹೊಗಳಿದವರೂ ಉಂಟು. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದ ಕಾಲದಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ನನಗೆ ಇಂದಿಗೂ ನೆನಪಿದೆ. ಸಂಸತ್ ಸದಸ್ಯರ ಆಯ್ಕೆ, ಅವಧಿ, ರಾಜೀನಾಮೆ ಎಲ್ಲವನ್ನೂ ಕ್ರಮವಾಗಿ ಹೇಳಿ, ಸದಸ್ಯನು ಸಭಾಧ್ಯಕ್ಷರಿಗೆ ತನ್ನ ಕೈಬರಹದ ಪತ್ರ ಕೊಟ್ಟರೆ ಸಾಕೆಂದು ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಆಕೆ ಎದ್ದುನಿಂತು, "ಸಾರ್, ಓಟು ಹಾಕಿದವರನ್ನು ಕೇಳುವುದು ಬೇಡವೇ?" ಎಂದಳು. ತರಗತಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಸಂವಿಧಾನದ 101ನೆಯ ವಿಧಿಯಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲ. ರಾಜೀನಾಮೆ ಸ್ವಇಚ್ಛೆಯದೇ, ನಿಜವಾದದ್ದೇ ಎಂಬುದನ್ನು ಸಭಾಧ್ಯಕ್ಷರು ಮನಗಾಣಬೇಕೆಂದು 1974ರ ತಿದ್ದುಪಡಿ ಹೇಳುತ್ತದೆ. ಕಳಿಸಿದವರ ಇಚ್ಛೆ ಏನೆಂಬುದನ್ನು ಯಾರೂ ಮನಗಾಣಬೇಕಾಗಿಲ್ಲ. ಬ್ಯಾಂಕಿನ ಲಾಕರಿನಲ್ಲಿ ನಾವಿಟ್ಟ ಒಡವೆಯನ್ನು ಕಾವಲುಗಾರನು ಇನ್ನೊಬ್ಬರಿಗೆ ದಾನ ಮಾಡಿದರೆ ಅದನ್ನು ತ್ಯಾಗವೆನ್ನುತ್ತೇವೆಯೇ?

ಚಂದ್ರೇಗೌಡರ ಬಗ್ಗೆ ನನಗೆ ವೈಯಕ್ತಿಕ ದ್ವೇಷವಿಲ್ಲ. ಅವರು ಮುಂದೆ ವಿಧಾನ ಪರಿಷತ್ತಿನ ಸದಸ್ಯರಾದರು, ವಿಧಾನಸಭಾಧ್ಯಕ್ಷರಾದರು, ಮಂತ್ರಿಯಾದರು, ರಾಜ್ಯಸಭೆಗೂ ಹೋದರು, 2009ರಲ್ಲಿ ಬೇರೊಂದು ಪಕ್ಷದಿಂದ ಬೆಂಗಳೂರು ಉತ್ತರದ ಸಂಸದರೂ ಆದರು. 2023ರ ನವೆಂಬರಿನಲ್ಲಿ ತೀರಿಕೊಂಡರು. ಓದಿಕೊಂಡವರು, ಸಭ್ಯರು ಎಂಬ ಹೆಸರನ್ನು ಉಳಿಸಿಕೊಂಡವರು. ಆದರೆ ಅವರ ನಿಧನದ ಸಂದರ್ಭದಲ್ಲಿಯೂ "ಇಂದಿರಾಗಾಗಿ ಸ್ಥಾನ ತ್ಯಜಿಸಿದ ನಾಯಕ" ಎಂಬ ಗುರುತೇ ಎಲ್ಲೆಡೆ ಮುಂದೆ ಬಂದಿತು. ಪೂರ್ಣಾವಧಿಗೆಂದು ಒಪ್ಪಿಸಿದ ಕೆಲಸವನ್ನು ಒಂದೂವರೆ ವರ್ಷಕ್ಕೆ ಬಿಟ್ಟದ್ದು ಒಬ್ಬ ಜನಪ್ರತಿನಿಧಿಯ ಬಾಳಿನ ಮುಖ್ಯ ಸಾಧನೆಯಾಗಿ ಎಣಿಕೆಗೆ ಬರುವುದಾದರೆ, ನಮ್ಮ ಅಳತೆಗೋಲಿನಲ್ಲಿಯೇ ಏನೋ ದೋಷವಿದೆ.

ಇನ್ನು ಎದುರಾಳಿ ಪಕ್ಷ. ಅದೇನು ಮಾಡಿತು? ಜನತಾ ಪಕ್ಷದ ಅಭ್ಯರ್ಥಿ ವೀರೇಂದ್ರ ಪಾಟೀಲರು. 1968ರಿಂದ 1971ರವರೆಗೆ ಮುಖ್ಯಮಂತ್ರಿಯಾಗಿದ್ದ, ಶುದ್ಧಹಸ್ತರೆಂದು ಹೆಸರಾಗಿದ್ದ ಹಿರಿಯರು. ಆದರೆ ಅವರು ಗುಲ್ಬರ್ಗಾ ಜಿಲ್ಲೆಯ ಚಿಂಚೋಳಿಯವರು. ಅಂದರೆ, ಒಬ್ಬರು ಅಲಹಾಬಾದಿನಿಂದ ಬಂದವರು, ಮತ್ತೊಬ್ಬರು ಚಿಂಚೋಳಿಯಿಂದ ಬಂದವರು. ಇಬ್ಬರ ನಡುವೆ ಮಲೆನಾಡಿನ ಮತದಾರ. ಅಡಿಕೆಗೆ ಕೊಳೆರೋಗ ಬರುವುದು ಯಾವ ತಿಂಗಳೆಂದು ಇಬ್ಬರಿಗೂ ಗೊತ್ತಿರಲಾರದು. ಕೇಂದ್ರ ಮಂತ್ರಿಗಳಾಗಿದ್ದ ಜಾರ್ಜ್ ಫರ್ನಾಂಡಿಸ್‌ರಂಥವರು ಬಂದು ಪ್ರಚಾರ ಮಾಡಿದರು. ಇತ್ತ ರಾಜ್ಯ ಸರ್ಕಾರದ ಬಲವೆಲ್ಲ ಒಂದೇ ಜಿಲ್ಲೆಗೆ ಇಳಿಯಿತು. ದೆಹಲಿಯ ಜಗಳವನ್ನು ನಮ್ಮ ಅಂಗಳದಲ್ಲಿ ಆಡಿದರು.

ಆಗ ನನಗೆ ಹತ್ತೊಂಬತ್ತು ವರ್ಷ. ಮತದಾನದ ವಯಸ್ಸು ಇಪ್ಪತ್ತೊಂದಿದ್ದ ಕಾಲವದು; ಅದು ಹದಿನೆಂಟಕ್ಕೆ ಇಳಿದದ್ದು 1989ರಲ್ಲಿ. ದೀಪಾವಳಿಗೆಂದು ಕಾಲೇಜಿನಿಂದ ಕೊಪ್ಪ ತಾಲ್ಲೂಕಿನ ನಮ್ಮ ಹಳ್ಳಿಗೆ ಬಂದವನು ಚುನಾವಣೆ ಮುಗಿಯುವವರೆಗೂ ಮರಳಲಿಲ್ಲ. ನಮ್ಮ ರಸ್ತೆಯಲ್ಲಿ ಅಷ್ಟೊಂದು ಜೀಪುಗಳು ಓಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆ ಮೇಲೂ ಬಹುಕಾಲ ಕಾಣಲಿಲ್ಲ. ಒಂದು ಸಂಜೆ ಮೂರು ತಾಸು ರಸ್ತೆಯ ಬದಿಯಲ್ಲಿ ನಿಂತು, ಸಾಗಿಹೋಗುವ ಕಾರಿನಲ್ಲಿ ಕೈಮುಗಿದು ನಿಂತಿದ್ದ ಆ ಬಿಳಿ ಸೀರೆಯ ಆಕೃತಿಯನ್ನು ಒಂದು ಕ್ಷಣ ನೋಡಿದೆವು. ಅಮ್ಮ ತನಗರಿವಿಲ್ಲದೆ ತಾನೂ ಕೈಮುಗಿದಿದ್ದಳು. ದೇಶವನ್ನು ಆಳಿದ ಹೆಂಗಸು ನಮ್ಮೂರ ತಿರುವಿನಲ್ಲಿ ಹಾದುಹೋದಳೆಂಬ ರೋಮಾಂಚನ ನನಗೂ ಆಗಿತ್ತು. ಇಂದು ಅದನ್ನು ಮುಚ್ಚಿಟ್ಟು ಜಾಣನಂತೆ ಬರೆಯಲಾರೆ.

ಆ ಚುನಾವಣೆಯ ಘೋಷಣೆಯೊಂದು ದೇಶದಲ್ಲೆಲ್ಲ ಪ್ರಸಿದ್ಧವಾಯಿತು: "ಏಕ್ ಶೇರ್ನಿ ಸೌ ಲಂಗೂರ್, ಚಿಕ್‌ಮಗಳೂರ್ ಚಿಕ್‌ಮಗಳೂರ್." ಒಂದು ಹೆಣ್ಣುಸಿಂಹ, ನೂರು ಮಂಗಗಳು ಎಂದರ್ಥ. ನಮ್ಮ ಕ್ಷೇತ್ರದ ಚುನಾವಣೆಯ ಘೋಷಣೆ ನಮ್ಮ ಕ್ಷೇತ್ರದ ಭಾಷೆಯಲ್ಲಿರಲಿಲ್ಲ. ಅದರಲ್ಲಿ ಲಂಗೂರಿಗೆ ಪ್ರಾಸವಾಗಿ ಬಂದದ್ದಷ್ಟೇ ಚಿಕ್ಕಮಗಳೂರಿನ ಪಾತ್ರ. ಇಡೀ ಪ್ರಸಂಗದ ಸಾರವನ್ನು ಆ ಒಂದು ಸಾಲೇ ಹೇಳಿಬಿಟ್ಟಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅವರಿಗೆ ನಮ್ಮ ಊರು ಬೇಕಾದದ್ದು ಪ್ರಾಸಕ್ಕೆ.

ಹಾಗಾದರೆ ನಮ್ಮ ಜನ ಮರುಳಾಗಿ ಮತ ಹಾಕಿದರೇ? ಖಂಡಿತ ಇಲ್ಲ. ಪಟ್ಟಣದ ಪಂಡಿತರು ಹಾಗೆ ಬರೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನನ್ನ ತಂದೆ ಗೇಣಿದಾರರಾಗಿದ್ದರು. ಗದ್ದೆಯಲ್ಲಿ ಬೆಳೆದದ್ದರಲ್ಲಿ ಹೆಚ್ಚಿನ ಪಾಲನ್ನು ಒಡೆಯರ ಕಣಜಕ್ಕೆ ಅಳೆದು ಬರುತ್ತಿದ್ದ ಮನೆ ನಮ್ಮದು. 1974ರ ಮಾರ್ಚ್ ಒಂದರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಮೇರೆಗೆ ಅಪ್ಪಯ್ಯ ಭೂನ್ಯಾಯ ಮಂಡಳಿಯ ಮುಂದೆ ಅರ್ಜಿ ಹಾಕಿ, ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಆ ಕಾಗದವನ್ನು ಅವರು ದೇವರ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಹಾವನೂರ ಆಯೋಗದ ವರದಿ 1975ರಲ್ಲಿ ಬಂದ ಮೇಲೆ ಹಿಂದುಳಿದ ಜಾತಿಗಳ ಹುಡುಗರಿಗೆ ಸರ್ಕಾರಿ ಕೆಲಸದ ಕನಸು ಕಾಣುವ ಧೈರ್ಯ ಬಂದಿತ್ತು. ಉತ್ತರದಲ್ಲಿ ತುರ್ತು ಪರಿಸ್ಥಿತಿಯೆಂದರೆ ಬಲವಂತದ ಸಂತಾನಹರಣ ಚಿಕಿತ್ಸೆ. ನಮ್ಮ ಹಳ್ಳಿಯಲ್ಲಿ ಅದೇ ಅವಧಿ ಗದ್ದೆ ಕೈಸೇರಿದ ಕಾಲ. ಅಪ್ಪಯ್ಯ ಹಸ್ತದ ಗುರುತಿಗೆ ಮತ ಹಾಕಿದ್ದು ಮೋಹದಿಂದಲ್ಲ, ಋಣದಿಂದ. "ಉಂಡ ಮನೆಗೆ ಎರಡು ಬಗೆಯಬಾರದು" ಎಂಬುದು ಅವರ ರಾಜನೀತಿ.

ಆದರೆ ಆ ಋಣವೂ ಎಲ್ಲರಿಗೂ ಸಮನಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಭೂಸುಧಾರಣಾ ಕಾಯಿದೆಯು ಕಾಫಿ, ಚಹಾ, ಏಲಕ್ಕಿ, ರಬ್ಬರು ತೋಟಗಳನ್ನು ಹೊರಗಿಟ್ಟಿತ್ತು. ಜಿಲ್ಲೆಯ ಲೈನ್ ಮನೆಗಳಲ್ಲಿದ್ದ ಸಾವಿರಾರು ತೋಟದ ಕೂಲಿಗಳಿಗೆ ಆ ಕಾನೂನು ಒಂದು ಗುಂಟೆಯನ್ನೂ ಕೊಡಲಿಲ್ಲ. ಅಂಥವರ ಮಾತನ್ನು ಸಂಸತ್ತಿನಲ್ಲಿ ಎತ್ತಬಲ್ಲ ಒಬ್ಬ ಪ್ರತಿನಿಧಿ ಎಲ್ಲಿಗಾದರೂ ಬೇಕಿದ್ದರೆ ಅದು ಚಿಕ್ಕಮಗಳೂರಿಗೇ ಬೇಕಿತ್ತು. ಕಾಫಿಯಂತೂ ಅಂದು ಪೂರ್ತಿಯಾಗಿ ಕೇಂದ್ರದ ವಿಷಯ. 1942ರ ಕಾಫಿ ಕಾಯಿದೆಯಂತೆ ಬೆಳೆಗಾರನು ಬೆಳೆದದ್ದನ್ನು ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಬೆಲೆ, ಮಾರಾಟ, ಕಂತುಗಳೆಲ್ಲ ಅಲ್ಲಿಯೇ ನಿರ್ಧಾರವಾಗುತ್ತಿದ್ದವು. ತೊಂಬತ್ತರ ದಶಕದಲ್ಲಷ್ಟೇ ಆ ಪದ್ಧತಿ ಕೊನೆಗೊಂಡಿತು. ಹೀಗೆ ಬೇರೆ ಜಿಲ್ಲೆಗಳಿಗಿಂತ ಹೆಚ್ಚಾಗಿ ದೆಹಲಿಯಲ್ಲಿ ಧ್ವನಿ ಬೇಕಾಗಿದ್ದ ಜಿಲ್ಲೆ ನಮ್ಮದು.

ನವೆಂಬರ್ 5ರಂದು ಮತದಾನವಾಯಿತು. 8ರಂದು ಫಲಿತಾಂಶ ಹೊರಬಿದ್ದಿತು. ಎಪ್ಪತ್ತು ಸಾವಿರಕ್ಕೂ ಮಿಕ್ಕಿದ ಅಂತರದಿಂದ ಇಂದಿರಾ ಗೆದ್ದರು. ಸರಿ, ಪರ ಊರಿನವರಾದರೇನು, ಜನ ಆರಿಸಿದ್ದಾರೆ. ಇನ್ನು ಮುಂದೆ ಅವರೇ ನಮ್ಮ ಪ್ರತಿನಿಧಿ ಎಂದು ಒಪ್ಪಿಕೊಳ್ಳೋಣ. ಆದರೆ ಅದನ್ನು ಒಪ್ಪಿಕೊಳ್ಳಲು ಲೋಕಸಭೆಯ ಬಹುಮತ ಸಿದ್ಧವಿರಲಿಲ್ಲ. 1975ರಲ್ಲಿ ಮಾರುತಿ ಕಂಪನಿಯ ಬಗ್ಗೆ ಲೋಕಸಭೆಯಲ್ಲಿ ಕೇಳಲಾದ ಪ್ರಶ್ನೆಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿ ಕಿರುಕುಳ ಕೊಟ್ಟರೆಂದು ಹಕ್ಕುಬಾಧ್ಯತಾ ಸಮಿತಿ ಅವರನ್ನು ತಪ್ಪಿತಸ್ಥರೆಂದಿತು. ಪ್ರಧಾನಿ ಮೊರಾರ್ಜಿ ದೇಸಾಯಿಯವರು ತಂದ ನಿರ್ಣಯದಂತೆ ಡಿಸೆಂಬರ್ 19ರಂದು ಲೋಕಸಭೆಯು ಅವರನ್ನು ಸದಸ್ಯತ್ವದಿಂದ ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಸೆರೆಮನೆಯಲ್ಲಿಡುವಂತೆ ಆದೇಶಿಸಿತು. ಒಂದು ವಾರ ತಿಹಾರ್ ಜೈಲಿನಲ್ಲಿದ್ದು ಅವರು ಹೊರಬಂದರು. ಫಲಿತಾಂಶದ ದಿನದಿಂದ ಉಚ್ಚಾಟನೆಯ ದಿನದವರೆಗೆ ಲೆಕ್ಕ ಹಾಕಿದರೆ ನಲವತ್ತೊಂದು ದಿನ. ನಮ್ಮ ಕ್ಷೇತ್ರಕ್ಕೆ ಸಂಸದರಿದ್ದದ್ದು ನಲವತ್ತೊಂದು ದಿನ!

ತುರ್ತು ಪರಿಸ್ಥಿತಿಯನ್ನು ನಾನು ಸಮರ್ಥಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. ವಾಜಪೇಯಿ, ಅಡ್ವಾಣಿಯವರಂಥ ವಿರೋಧಿ ನಾಯಕರನ್ನು ನಮ್ಮ ಬೆಂಗಳೂರಿನ ಜೈಲಿನಲ್ಲಿಯೇ ಕೂಡಿಹಾಕಿದ್ದರು. ಕಲಾವಿದೆ ಸ್ನೇಹಲತಾ ರೆಡ್ಡಿಯವರು ಜೈಲುವಾಸದಲ್ಲಿ ಆರೋಗ್ಯ ಕೆಟ್ಟು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಇಪ್ಪತ್ತೊಂದು ತಿಂಗಳ ಪಾಪಕ್ಕೆ ನ್ಯಾಯಾಲಯದಲ್ಲಿ ವಿಚಾರಣೆಯಾಗಿ ಶಿಕ್ಷೆಯಾಗಿದ್ದರೆ ನಾನು ಅದನ್ನು ಸ್ವಾಗತಿಸುತ್ತಿದ್ದೆ. ಆದರೆ ಉಚ್ಚಾಟನೆಯ ಶಿಕ್ಷೆ ಬಿದ್ದದ್ದು ಯಾರ ಮೇಲೆ? ಅಪರಾಧವೆಂದು ಹೇಳಲಾದದ್ದು ನಡೆದದ್ದು ಹಿಂದಿನ ಲೋಕಸಭೆಯ ಕಾಲದಲ್ಲಿ, ಆಕೆ ಬೇರೊಂದು ಕ್ಷೇತ್ರದ ಸದಸ್ಯೆಯಾಗಿದ್ದಾಗ. ಆ ಆರೋಪಗಳೆಲ್ಲ ಪತ್ರಿಕೆಗಳಲ್ಲಿ ಬಂದಿದ್ದವು, ಪ್ರಚಾರದಲ್ಲಿಯೂ ಹೇಳಿದ್ದರು. ಅವೆಲ್ಲವನ್ನೂ ಕೇಳಿಯೂ ಮತದಾರರು ಒಂದು ತೀರ್ಪು ಕೊಟ್ಟಿದ್ದರು. ಆ ತೀರ್ಪನ್ನು ಒಂದೂವರೆ ತಿಂಗಳೊಳಗೆ ಬಹುಮತದ ಬಲದಿಂದ ಅಳಿಸಿಹಾಕಿದವರು, ತಾವು ಪ್ರಜಾಪ್ರಭುತ್ವವನ್ನು ಮರಳಿ ತಂದವರೆಂದು ಹೇಳಿಕೊಳ್ಳುತ್ತಿದ್ದವರು! ಸೆರೆಮನೆಯಿಂದ ಆಕೆ ಒಂದು ವಾರಕ್ಕೆ ಹೊರಬಂದರು. ನಮ್ಮ ಶಿಕ್ಷೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮುಂದುವರಿಯಿತು.

ಏಕೆಂದರೆ ಆ ಸ್ಥಾನ ಖಾಲಿಯೇ ಉಳಿಯಿತು. ತೆರವಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕೆಂಬ ನಿಯಮ ಪ್ರಜಾಪ್ರತಿನಿಧಿ ಕಾಯಿದೆಗೆ ಸೇರಿದ್ದು 1996ರಲ್ಲಿ. ಅಂದು ಅಂಥ ಕಟ್ಟು ಇರಲಿಲ್ಲ. 1979ರ ಜುಲೈಯಲ್ಲಿ ಮೊರಾರ್ಜಿಯವರ ಸರ್ಕಾರ ಉರುಳುವಾಗ ದೆಹಲಿಯಲ್ಲಿ ಒಬ್ಬೊಬ್ಬ ಸದಸ್ಯನ ತಲೆಯನ್ನೂ ಎಣಿಸುತ್ತಿದ್ದರು. ಆ ಎಣಿಕೆಯಲ್ಲಿ ಚಿಕ್ಕಮಗಳೂರಿನ ತಲೆ ಇರಲಿಲ್ಲ. ದೇಶದ ಸರ್ಕಾರ ಇರಬೇಕೋ ಬೀಳಬೇಕೋ ಎಂಬ ಪ್ರಶ್ನೆ ಬಂದಾಗ ನಮಗೆ ಮಾತಿರಲಿಲ್ಲ.

ಅದೇ ಮಳೆಗಾಲದ ಒಂದು ಸಣ್ಣ ಸಂಗತಿ. ನಮ್ಮ ಹಳ್ಳಿಗೆ ಅಂಚೆ ಕಚೇರಿ ಇರಲಿಲ್ಲ. ಐದು ಮೈಲಿ ದೂರದ ಊರಿನಿಂದ ಅಂಚೆಯವರು ವಾರಕ್ಕೆರಡು ಸಲ ಬರುತ್ತಿದ್ದರು. ಹಳ್ಳ ತುಂಬಿದರೆ ಅದೂ ಇಲ್ಲ. ಊರವರೆಲ್ಲ ಸೇರಿ ಒಂದು ಶಾಖಾ ಅಂಚೆ ಕಚೇರಿಗಾಗಿ ಮನವಿ ಕೊಡುವುದೆಂದು ತೀರ್ಮಾನಿಸಿದರು. ಅಂಚೆ ಕೇಂದ್ರ ಸರ್ಕಾರದ್ದು, ಆದ್ದರಿಂದ ಸಂಸದರ ಮೂಲಕವೇ ಹೋಗಬೇಕೆಂದು ಯಾರೋ ತಿಳಿದವರು ಹೇಳಿದರು. ಕಾಲೇಜು ಓದುವವನೆಂದು ಬರೆಯುವ ಕೆಲಸ ನನಗೆ ಬಂತು. ವಿಷಯ, ಉಲ್ಲೇಖ ಎಲ್ಲ ಬರೆದು, "ಗೆ" ಎಂದು ಬರೆದು ಪೆನ್ನು ನಿಲ್ಲಿಸಿದೆ. ಅಪ್ಪಯ್ಯ ಕೇಳಿದರು, "ಯಾಕೆ ನಿಲ್ಸಿದೆ? ಎಂತ ಹೆಸ್ರು ಹಾಕ್ತೀ?" ನಾನು, "ಹಾಕೋಕೆ ಹೆಸರೇ ಇಲ್ಲ ಅಪ್ಪಯ್ಯಾ" ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. "ನಾವು ಓಟು ಹಾಕಿದ್ವಲ್ಲ?" ಎಂದರು. ಕೊನೆಗೆ "ಮಾನ್ಯ ಲೋಕಸಭಾ ಸದಸ್ಯರು, ಚಿಕ್ಕಮಗಳೂರು ಕ್ಷೇತ್ರ" ಎಂದಷ್ಟೇ ಬರೆದು, ಇಪ್ಪತ್ತಮೂರು ಜನ ರುಜು ಮತ್ತು ಹೆಬ್ಬೆಟ್ಟು ಹಾಕಿದ ಆ ಹಾಳೆಯನ್ನು ಅಪ್ಪಯ್ಯ ತಮ್ಮ ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡರು. ಗದ್ದೆಯ ಕಾಗದದ ಜೊತೆಗೆ. ಹೊಸ ಸದಸ್ಯರು ಬಂದಾಗ ಕೊಡೋಣವೆಂದು.

ಹೊಸ ಸದಸ್ಯರು ಬಂದದ್ದು 1980ರ ಜನವರಿಯ ಮಹಾಚುನಾವಣೆಯಲ್ಲಿ. ನಮ್ಮ ಹಳ್ಳಿಯ ಹಲವರು ಇಂದಿರಾ ಮತ್ತೆ ಇಲ್ಲಿಂದಲೇ ನಿಲ್ಲುವರೆಂದು ನಂಬಿದ್ದರು. "ಕಷ್ಟಕಾಲದಲ್ಲಿ ಕೈಹಿಡಿದವರನ್ನು ಬಿಟ್ಟುಹೋಗುತ್ತಾರೆಯೇ?" ಎಂಬುದು ಅವರ ಮಾತು. ಆಕೆ ನಿಂತದ್ದು ರಾಯಬರೇಲಿ ಮತ್ತು ಆಂಧ್ರದ ಮೇಡಕ್‌ನಿಂದ. ಎರಡರಲ್ಲಿಯೂ ಗೆದ್ದು ಮೇಡಕ್ಕನ್ನು ಉಳಿಸಿಕೊಂಡರು, ರಾಯಬರೇಲಿಯನ್ನು ಬಿಟ್ಟರು. ಚಿಕ್ಕಮಗಳೂರಿನಿಂದ ಅವರ ಪಕ್ಷದ ಡಿ.ಎಂ. ಪುಟ್ಟೇಗೌಡರು ಆರಿಸಿಬಂದರು. ಆಗಿನ ಇನ್ನೆರಡು ಬೆಳವಣಿಗೆಗಳನ್ನೂ ಗಮನಿಸಿರಿ. 1978ರಲ್ಲಿ ಇಂದಿರಾರನ್ನು ಇಲ್ಲಿಗೆ ಕರೆತಂದ ದೇವರಾಜ ಅರಸರು 1979ರಲ್ಲಿಯೇ ಅವರಿಂದ ಬೇರೆಯಾಗಿದ್ದರು. ಇಂದಿರಾರನ್ನು ಸೋಲಿಸಿರೆಂದು ಊರೂರು ತಿರುಗಿದ್ದ ವೀರೇಂದ್ರ ಪಾಟೀಲರು 1980ರಲ್ಲಿ ಇಂದಿರಾ ಕಾಂಗ್ರೆಸ್ಸಿನಿಂದಲೇ ಬಾಗಲಕೋಟೆಯಲ್ಲಿ ಗೆದ್ದು ಅವರ ಸಂಪುಟದಲ್ಲಿ ಮಂತ್ರಿಯಾದರು. ಹದಿನಾಲ್ಕು ತಿಂಗಳಲ್ಲಿ ಮಿತ್ರರು ಶತ್ರುಗಳಾದರು, ಶತ್ರುಗಳು ಮಿತ್ರರಾದರು. ಅವರಿಗಾಗಿ ನಮ್ಮ ಹಳ್ಳಿಗಳಲ್ಲಿ ಜಗಳವಾಡಿ ಮಾತುಬಿಟ್ಟ ದಾಯಾದಿಗಳು ಮಾತ್ರ ಮುಂದೆ ಎಷ್ಟೋ ವರ್ಷ ಒಬ್ಬರ ಮನೆಯ ಶುಭಕಾರ್ಯಕ್ಕೆ ಇನ್ನೊಬ್ಬರು ಹೋಗಲಿಲ್ಲ.

1981ರ ಮೇ 7ರಂದು ಹೊಸ ಲೋಕಸಭೆಯು ಹಿಂದಿನ ಉಚ್ಚಾಟನೆಯ ನಿರ್ಣಯವನ್ನು ರದ್ದುಮಾಡಿತು. ಆಕೆಯ ಗೌರವ ಆಕೆಗೆ ಮರಳಿ ಬಂದಿತು. ಒಂದು ವರ್ಷ ಪ್ರತಿನಿಧಿಯಿಲ್ಲದೆ ಕಳೆದ ಲಕ್ಷಾಂತರ ಮತದಾರರಿಗೆ ಏನು ಮರಳಿ ಬಂದಿತು?

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. "ರಾಷ್ಟ್ರನಾಯಕರಿಗೆ ಒಂದು ಭದ್ರ ಕ್ಷೇತ್ರ ಬೇಕಾಗುತ್ತದೆ, ದೇಶದ ಹಿತಕ್ಕಾಗಿ ಒಂದು ಕ್ಷೇತ್ರ ಅಷ್ಟು ಸಹಿಸಬಾರದೇ?" ಎನ್ನುವರು. ನಾಯಕರು ಎಲ್ಲಿಂದಲಾದರೂ ನಿಲ್ಲಲಿ, ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಮಹಾಚುನಾವಣೆಯಲ್ಲಿ ನಿಂತು, ಗೆದ್ದು, ಐದು ವರ್ಷ ಆ ಕ್ಷೇತ್ರದ ಕೆಲಸ ಮಾಡಲಿ. ಆದರೆ ಗೆದ್ದು ಕುಳಿತವನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಕೂರುವುದು, ಕೆಲಸ ಮುಗಿದೊಡನೆ ಎದ್ದುಹೋಗುವುದು ಬೇರೆಯೇ ಮಾತು. ಇನ್ನು ಕೆಲವರು, "ನಿಮ್ಮ ಜಿಲ್ಲೆಯ ಹೆಸರು ಲೋಕಪ್ರಸಿದ್ಧವಾಯಿತಲ್ಲ" ಎನ್ನುತ್ತಾರೆ. ಹೆಸರು ಪ್ರಸಿದ್ಧವಾದದ್ದು ನಿಜ. ಚಿಕ್ಕಮಗಳೂರು ಪಟ್ಟಣಕ್ಕೆ ಕಡೂರಿನಿಂದ ರೈಲು ಬಂದದ್ದು 2013ರ ನವೆಂಬರಿನಲ್ಲಿ. ಆ ಪ್ರಸಿದ್ಧಿ ರೈಲಾಗಿ ಬರಲು ಮೂವತ್ತೈದು ವರ್ಷ ಹಿಡಿಯಿತು.

ಇದು ಒಂದು ಪಕ್ಷದ, ಒಂದು ಮನೆತನದ ದೋಷವೆಂದು ಹೇಳಿ ಕೈತೊಳೆದುಕೊಳ್ಳುವ ಸುಖವೂ ನಮಗಿಲ್ಲ. 1999ರಲ್ಲಿ ಸೋನಿಯಾ ಗಾಂಧಿಯವರು ಬಳ್ಳಾರಿಯಲ್ಲಿ ಸುಷ್ಮಾ ಸ್ವರಾಜ್ ಅವರನ್ನು ಐವತ್ತಾರು ಸಾವಿರ ಮತಗಳಿಂದ ಸೋಲಿಸಿ, ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟರು. 2014ರಲ್ಲಿ ನರೇಂದ್ರ ಮೋದಿಯವರು ವಾರಾಣಸಿಯನ್ನು ಉಳಿಸಿಕೊಂಡು ವಡೋದರಾವನ್ನು ಬಿಟ್ಟರು. 2024ರಲ್ಲಿ ರಾಹುಲ್ ಗಾಂಧಿಯವರು ರಾಯಬರೇಲಿಯನ್ನು ಉಳಿಸಿಕೊಂಡು, ಸೋತ ಕಾಲದಲ್ಲಿ ಆಶ್ರಯ ಕೊಟ್ಟಿದ್ದ ವಯನಾಡನ್ನು ಬಿಟ್ಟರು. ನಮ್ಮ ರಾಜ್ಯದಲ್ಲಿಯೇ 2018ರಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ರಾಮನಗರ, ಚನ್ನಪಟ್ಟಣ ಎರಡರಲ್ಲೂ ಗೆದ್ದು ರಾಮನಗರವನ್ನು ಬಿಟ್ಟರು. 2024ರಲ್ಲಿ ಮಂಡ್ಯದಿಂದ ಲೋಕಸಭೆಗೆ ಹೋಗುವಾಗ ಚನ್ನಪಟ್ಟಣವನ್ನೂ ಬಿಟ್ಟರು. ಅದೇ 2018ರಲ್ಲಿ ಶಿವಮೊಗ್ಗ, ಬಳ್ಳಾರಿ, ಮಂಡ್ಯ ಕ್ಷೇತ್ರಗಳ ಸಂಸದರು ವಿಧಾನಸಭೆಗೆ ಗೆದ್ದು ರಾಜೀನಾಮೆ ಕೊಟ್ಟರು. ಆ ಮೂರೂ ಕಡೆ ನವೆಂಬರಿನಲ್ಲಿ ಉಪಚುನಾವಣೆ ನಡೆಯಿತು. ಮುಂದಿನ ಮಹಾಚುನಾವಣೆಗೆ ಉಳಿದಿದ್ದದ್ದು ಐದಾರು ತಿಂಗಳು! ಮತಗಟ್ಟೆಯ ಕರ್ತವ್ಯಕ್ಕೆ ಹೋಗುವ ಶಿಕ್ಷಕರ ಕಷ್ಟವನ್ನು ನಾನು ಬಲ್ಲೆ. ಅದರ ಖರ್ಚು ಯಾರ ಜೇಬಿನದೆಂಬುದನ್ನೂ ಬಲ್ಲೆ.

ಉಚ್ಚಾಟನೆಯ ಕಥೆಯೂ ಹಾಗೆಯೇ. 2005ರಲ್ಲಿ ಪ್ರಶ್ನೆ ಕೇಳಲು ಹಣ ಪಡೆದರೆಂದು ಹನ್ನೊಂದು ಸದಸ್ಯರನ್ನು ಸಂಸತ್ತು ಹೊರಹಾಕಿತು. ಸದನಕ್ಕೆ ಆ ಅಧಿಕಾರ ಉಂಟೆಂದು ಸುಪ್ರೀಂ ಕೋರ್ಟು 2007ರಲ್ಲಿ ಹೇಳಿತು. ಅಧಿಕಾರ ಇರಲಿ. ಆದರೆ 2023ರ ಡಿಸೆಂಬರಿನಲ್ಲಿ ಮಹುವಾ ಮೊಯಿತ್ರಾ ಅವರನ್ನು ಉಚ್ಚಾಟಿಸಿದಾಗ ಬಂಗಾಳದ ಕೃಷ್ಣನಗರದ ಸ್ಥಾನ ಮಹಾಚುನಾವಣೆಯವರೆಗೂ ಖಾಲಿ ಉಳಿಯಿತು. ಅಲ್ಲಿನ ಮತದಾರರು 2024ರಲ್ಲಿ ಅವರನ್ನೇ ಮತ್ತೆ ಆರಿಸಿ ಕಳಿಸಿದರು. ಆರೋಪ ಸರಿಯೋ ತಪ್ಪೋ, ಆ ಚರ್ಚೆ ಬೇರೆ. ತೀರ್ಪು ಕೊಡುವ ಅಧಿಕಾರ ಕೊನೆಗೂ ಯಾರದೆಂಬುದನ್ನು ಅವರು ನೆನಪಿಸಿದರು. 1978ರಲ್ಲಿ ಆ ಅವಕಾಶವೂ ನಮಗೆ ಸಿಗಲಿಲ್ಲ.

ಹಾಗಾದರೆ ಮಾಡಬೇಕಾದುದೇನು? ಬರಿಯ ಗೊಣಗಾಟ ಶಿಕ್ಷಕನಿಗೆ ಶೋಭಿಸದು. ಮೊದಲನೆಯದಾಗಿ, ಒಬ್ಬ ಅಭ್ಯರ್ಥಿಗೆ ಒಂದೇ ಕ್ಷೇತ್ರವೆಂಬ ನಿಯಮ ಬರಬೇಕು. ಈಗಿನ ಕಾನೂನಿನಂತೆ ಎರಡು ಕಡೆ ನಿಲ್ಲಬಹುದು. 1996ಕ್ಕೆ ಮೊದಲು ಆ ಮಿತಿಯೂ ಇರಲಿಲ್ಲ. ಒಂದಕ್ಕೇ ಸೀಮಿತಗೊಳಿಸಿರೆಂದು ಚುನಾವಣಾ ಆಯೋಗ 2004ರಲ್ಲಿಯೇ ಸಲಹೆ ಕೊಟ್ಟಿತ್ತು. ಕಾನೂನು ಆಯೋಗ 2015ರ ತನ್ನ 255ನೆಯ ವರದಿಯಲ್ಲಿ ಅದನ್ನೇ ಹೇಳಿತು. 2023ರಲ್ಲಿ ಸುಪ್ರೀಂ ಕೋರ್ಟು ಈ ವಿಷಯ ಸಂಸತ್ತಿಗೆ ಬಿಟ್ಟದ್ದೆಂದಿತು. ಎರಡು ಕುರ್ಚಿಯ ಸುಖ ಕಂಡವರೇ ಒಂದು ಕುರ್ಚಿಯ ಕಾನೂನು ಮಾಡಬೇಕಾಗಿದೆ. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸವನ್ನು ಬೆಕ್ಕಿಗೇ ಒಪ್ಪಿಸಿದಂತೆ.

ಎರಡನೆಯದಾಗಿ, ಅನಾರೋಗ್ಯದಂಥ ಅನಿವಾರ್ಯ ಕಾರಣವಿಲ್ಲದೆ, ಇನ್ನೊಬ್ಬರಿಗಾಗಿ ಅಥವಾ ಇನ್ನೊಂದು ಸದನಕ್ಕಾಗಿ ಸ್ಥಾನ ಬಿಡುವವನು ಆ ಉಪಚುನಾವಣೆಯ ವೆಚ್ಚವನ್ನು ಭರಿಸಬೇಕು. ಆತ ಬಿಟ್ಟ ಅವಧಿ ಮುಗಿಯುವವರೆಗೆ ಬೇರೆ ಯಾವ ಸದನಕ್ಕೂ ಹೋಗಕೂಡದು. ಮೂರನೆಯದಾಗಿ, ತೆರವಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕೆಂಬ ನಿಯಮಕ್ಕೆ ಇರುವ ವಿನಾಯಿತಿಗಳನ್ನು ಬಿಗಿಗೊಳಿಸಬೇಕು. 2023ರ ಮಾರ್ಚಿಯಲ್ಲಿ ಸದಸ್ಯರು ತೀರಿಕೊಂಡು ತೆರವಾದ ಪುಣೆಯ ಸ್ಥಾನಕ್ಕೆ ಉಪಚುನಾವಣೆಯನ್ನೇ ನಡೆಸಲಿಲ್ಲ. ನಡೆಸಿರೆಂದು ಬಾಂಬೆ ಹೈಕೋರ್ಟು ಡಿಸೆಂಬರಿನಲ್ಲಿ ಹೇಳಿತು. ಆದರೆ ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಬಂದು, ಮಹಾಚುನಾವಣೆಯವರೆಗೂ ಆ ನಗರಕ್ಕೆ ಪ್ರತಿನಿಧಿಯಿರಲಿಲ್ಲ. ಪುಣೆಯವರಿಗಾದದ್ದನ್ನು ಓದಿದಾಗ ನನಗೆ ನಮ್ಮ ಹಳ್ಳಿಯ ಮನವಿ ನೆನಪಾಯಿತು.

ಇವೆಲ್ಲ ಆಗುವವರೆಗೆ ನಮ್ಮ ಕೈಯಲ್ಲಿಯೂ ಒಂದು ಕೆಲಸವಿದೆ. "ಸ್ಥಾನ ಬಿಟ್ಟುಕೊಟ್ಟರು" ಎಂಬ ಮಾತನ್ನು ಹೊಗಳಿಕೆಯಾಗಿ ಬಳಸುವುದನ್ನು ನಿಲ್ಲಿಸೋಣ. ಮುಂದೆ ಯಾವನಾದರೂ ಹಾಗೆ ಬಿಟ್ಟುಕೊಟ್ಟಾಗ, ಅವನು ನಮ್ಮ ಪಕ್ಷದವನೇ ಆಗಿರಲಿ, ನಮ್ಮ ಜಾತಿಯವನೇ ಆಗಿರಲಿ, "ಬಿಟ್ಟುಕೊಡಲು ಅದು ನಿನ್ನದೇ?" ಎಂದು ಕೇಳೋಣ. ಹತ್ತನೆಯ ತರಗತಿಯ ಹುಡುಗಿಗೆ ಹೊಳೆದ ಪ್ರಶ್ನೆ ನಮಗೇಕೆ ಹೊಳೆಯಬಾರದು?

ನಮ್ಮ ಹಳ್ಳಿಗೆ ಶಾಖಾ ಅಂಚೆ ಕಚೇರಿ ಮುಂದೆ ಬಂದಿತು, ನಿಧಾನವಾಗಿಯಾದರೂ ಬಂದಿತು. ಹೊಸ ಮನವಿಯನ್ನು ಹೊಸ ಹಾಳೆಯಲ್ಲಿ ಬರೆದುಕೊಟ್ಟಿದ್ದೆ. ಹಳೆಯದು ಅಪ್ಪಯ್ಯನ ಪೆಟ್ಟಿಗೆಯಲ್ಲಿಯೇ ಉಳಿಯಿತು. ಅವರು ತೀರಿಕೊಂಡ ಮೇಲೆ ಪೆಟ್ಟಿಗೆ ತೆಗೆದಾಗ ಸಿಕ್ಕಿತು. ಮಡಿಕೆಗಳಲ್ಲಿ ಹರಿದಿದೆ, ಶಾಯಿ ಕಂದಾಗಿದೆ. ಇಪ್ಪತ್ತಮೂರರಲ್ಲಿ ಹದಿನಾಲ್ಕು ಹೆಬ್ಬೆಟ್ಟುಗಳು. ಅವರಲ್ಲಿ ಬಹುಪಾಲು ಜನ ಇಂದು ಇಲ್ಲ. ಮದುವೆಯ ಮನೆಯ ಆ ಹಿರಿಯರು ಎಂದಾದರೂ ನಮ್ಮ ಮನೆಗೆ ಬಂದರೆ, ಪುನರ್ಜನ್ಮದ ಮಾತನ್ನು ಮತ್ತೆ ಎತ್ತಿದರೆ, ನಾನು ವಾದ ಮಾಡುವುದಿಲ್ಲ. ಕಾಫಿ ಕೊಟ್ಟು, ಹೆಸರಿಲ್ಲದ ಆ ಹಾಳೆಯನ್ನು ಅವರ ಕೈಗೆ ಕೊಡುತ್ತೇನೆ.